ಶೆಟ್ರ ಹೆಸರಿನಲ್ಲಿ ಬಂದ ಮೇಲ್

ನನ್ನ ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ವನಜಾ ಮೇಡಂ ನಮ್ಮ ಸಂಸ್ಥೆಗೆ ಕಂಪ್ಯೂಟರ್ ಕಲಿಸಿದವರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ನಾನು ಅಲ್ಲಿ ನಿಜವಾಗಿ ಏನು ಮಾಡುತ್ತಿದ್ದೆ ಎಂಬುದು ಆ ವೇದಿಕೆಯ ಮೇಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನ ಕೆಲಸ ಬಾಗಿಲು ಕಾಯುವುದಾಗಿತ್ತು. ನಮ್ಮ ಪರಿಚಯದವರ ಹೆಸರು ಹೇಳಿಕೊಂಡು ಮೇಲ್‌ನಲ್ಲಿ ನುಗ್ಗುವ ಅಪರಿಚಿತರನ್ನು ಹೊರಗೇ ನಿಲ್ಲಿಸಬೇಕು. ನಾನು ಹಾಕಿದ ಚಿಲಕವನ್ನು ಒಳಗಿನಿಂದ ತೆಗೆದು ಅವರನ್ನು ಕರೆದು ಕೂರಿಸುವ ನಮ್ಮವರೊಡನೆ ಜಗಳವಾಡಬೇಕು. ಆಯುಷ್ಯ ಹೆಚ್ಚು ಖರ್ಚಾದದ್ದು ಈ ಎರಡನೆಯದಕ್ಕೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ತರಬೇತಿಯಲ್ಲಿ ಒಂದಷ್ಟು ಚಿತ್ರ ನೋಡಿ ಬರುತ್ತಾರೆ. ಕಪ್ಪು ಟೋಪಿ ಹಾಕಿ ಕತ್ತಲಲ್ಲಿ ಕೂತ ಕಳ್ಳನ ಚಿತ್ರ. ನಾನು ಕಂಡ ಕಳ್ಳ ಅಂಥವನಲ್ಲ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅವನ ಕೈ ನೆನಪಾದರೆ ನನಗೆ ಇಂದಿಗೂ ಊಟ ಸೇರುವುದಿಲ್ಲ. ಅದನ್ನು ಹೇಳುವ ಮೊದಲು ನಮ್ಮ ಕಚೇರಿಯ ಬುದ್ಧಿ ಎಷ್ಟರಮಟ್ಟಿನದು ಎಂದು ಹೇಳದಿದ್ದರೆ ನಿಮಗೆ ನಂಬಿಕೆ ಬಾರದು.

ಬ್ರಹ್ಮಾವರದಲ್ಲಿ ಒಂದು ಶಾಲೆ, ಕುಂದಾಪುರದಲ್ಲಿ ಇನ್ನೊಂದು ಶಾಲೆ ಮತ್ತು ಮುಖ್ಯ ಕಚೇರಿ, ಬೈಂದೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್. ಇಷ್ಟೇ ನಮ್ಮ ಸಂಸ್ಥೆ. ಇದನ್ನು ಕಟ್ಟಿದವರು ನಮ್ಮ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲು ಇಟ್ಟ ಒಬ್ಬ ಶೆಟ್ಟರು. ಕಚೇರಿಯಲ್ಲಿ ಅವರ ಹೆಸರು ಹಿಡಿಯುವವರಿರಲಿಲ್ಲ. ‘ಶೆಟ್ರು’ ಎಂದರೆ ಸಾಕು, ಕೂತವರು ಅರ್ಧ ಏಳುತ್ತಿದ್ದರು. ನಾನು ಅಲ್ಲಿ ಗುಮಾಸ್ತೆ. ಬಿ.ಎಸ್ಸಿ. ಓದಿದವಳು ಎಂಬ ಒಂದೇ ಕಾರಣಕ್ಕೆ ೧೯೯೭ರಲ್ಲಿ ಸಂಸ್ಥೆಯ ಮೊದಲ ಕಂಪ್ಯೂಟರನ್ನು ನನ್ನ ಮೇಜಿನ ಮೇಲಿಟ್ಟರು. ನಾನು ಓದಿದ್ದು ಸಸ್ಯಶಾಸ್ತ್ರ. ಆದರೆ ಅದನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆಗಿನ್ನೂ ಮೇಲ್ ಇರಲಿಲ್ಲ, ಫ್ಯಾಕ್ಸ್ ಇತ್ತು. ಒಂದು ಮಧ್ಯಾಹ್ನ ಬ್ರಹ್ಮಾವರದ ಶಾಲೆಗೆ ಶೆಟ್ರ ಲೆಟರ್‌ಹೆಡ್ಡಿನಲ್ಲಿ ಒಂದು ಫ್ಯಾಕ್ಸ್ ಬಂತು: ನಾಳೆ ರಜೆ ಕೊಡಿ. ಮುಖ್ಯೋಪಾಧ್ಯಾಯಿನಿ ರಜೆ ಕೊಟ್ಟರು. ಮರುದಿನ ಗಣಿತದ ಪರೀಕ್ಷೆಯಿತ್ತು ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ಯಾರೋ ಕಿಲಾಡಿಗಳು ಹಳೆಯ ಲೆಟರ್‌ಹೆಡ್ಡಿನ ಪ್ರತಿ ತೆಗೆದು ಹೆದ್ದಾರಿ ಬದಿಯ ಎಸ್‌ಟಿಡಿ ಬೂತಿನಿಂದ ಕಳಿಸಿದ್ದರು. “ಒಂದ್ ಫೋನ್ ಮಾಡಿ ಕೇಣ್ಲಾಗಿತ್ತಲ್ದಾ?” ಎಂದು ನಾನು ಕೇಳಿದರೆ ಅವರು ಕಣ್ಣರಳಿಸಿದರು: “ಶೆಟ್ರ್ ಹೇಳಿದ್ ಮೇಲೂ ಕೇಂಬುದಾ?” ಕೊನೆಗೆ ಕಚೇರಿ ತೆಗೆದುಕೊಂಡ ಕ್ರಮವೇನು ಗೊತ್ತೇ? ಫ್ಯಾಕ್ಸ್ ಯಂತ್ರವನ್ನು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿದರು. ಸುಳ್ಳು ಹೇಳಿದ್ದು ಆ ಯಂತ್ರವೇ ಎಂಬಂತೆ.

ನಮ್ಮದು ಕೇಳದ ಊರೇನಲ್ಲ. ಬಸ್ಸಿಳಿದ ಹೊಸಬನಿಗೆ “ನಿಂದ್ ಯಾವ್ ಮನಿ ಆಯ್ತ್? ನಿನ್ನ್ ಅಬ್ಬಿ ಯಾರ್?” ಎಂದು ಮನೆತನ, ತಾಯಿಯ ಹೆಸರು ವಿಚಾರಿಸದೆ ನೀರು ಕೊಡುವವರಲ್ಲ ನಾವು. ದೈವದ ಪಾತ್ರಿಗೆ ಮೈಮೇಲೆ ದರ್ಶನ ಬಂದರೂ ಹಿರಿಯರು ಕೈಮುಗಿದು, ಬಂದದ್ದು ಯಾರು ಎಂದು ಕೇಳಿಯೇ ಕೇಳುತ್ತಾರೆ. ದೈವ ಕೂಡ ತಾನು ಯಾರೆಂದು ಹೇಳಬೇಕು. ಆದರೆ ಅನ್ನ ಕೊಟ್ಟ ದೊಡ್ಡವರ ಹೆಸರು ಕಾಗದದ ಮೇಲೆ ಬಂದರೆ ಕೇಳುವ ನಾಲಗೆ ಬಿದ್ದುಹೋಗುತ್ತದೆ. ಕೇಳಿದರೆ ಸಂಶಯಪಟ್ಟಂತೆ, ಸಂಶಯಪಟ್ಟರೆ ಮರ್ಯಾದೆ ತೆಗೆದಂತೆ.

ಇಂಟರ್ನೆಟ್ ಬಂದ ಮೇಲೆ ಈ ಮರ್ಯಾದೆ ಇನ್ನಷ್ಟು ಕೊಬ್ಬಿತು. ಒಮ್ಮೆ ಬ್ರಹ್ಮಾವರದ ನಿವೃತ್ತ ಮಾಸ್ತರರೊಬ್ಬರ ಹೆಸರಿನಲ್ಲಿ ಎಲ್ಲರಿಗೂ ಮೇಲ್ ಬಂತು. ತಾನು ಲಂಡನ್ನಿನಲ್ಲಿ ಸಿಕ್ಕಿಬಿದ್ದಿದ್ದೇನೆ, ಪಾಸ್‌ಪೋರ್ಟು ಕಳೆದಿದೆ, ಸಹಾಯ ಮಾಡಿ ಎಂದು. ಮಾಸ್ತರರು ಭಟ್ಕಳ ದಾಟಿದವರಲ್ಲ. ಆದರೂ ನಾನು ಹೋದಾಗ ಬ್ರಹ್ಮಾವರದ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮರುಗಿದ್ದೇ ಮರುಗಿದ್ದು.

“ಪಾಪ, ಈ ಪ್ರಾಯದಗೆ ಅಲ್ಲಿಗೆ ಎಂತಕ್ಕೆ ಹ್ವಾದ್ರ್ ಅಂಬ್ರ್?”

“ಅವ್ರ ಮನಿಗ್ ಫೋನ್ ಮಾಡಿ ಕಾಂಬ,” ಎಂದೆ.

“ಬ್ಯಾಡ ಮೇಡಂ. ಮನಿಯರಿಗ್ ಹೇಳದೆ ಹ್ವಾದ್ದಾರೆ ಅವ್ರಿಗ್ ನಾಚ್ಕಿ ಆತ್ತ್.”

ಆ ಹೊತ್ತಿನಲ್ಲಿ ಮಾಸ್ತರರು ಬ್ರಹ್ಮಾವರದ ಬಸ್ ನಿಲ್ದಾಣದ ಹಿಂದಿನ ಕ್ಷೌರದಂಗಡಿಯಲ್ಲಿ ಪೇಪರು ಓದುತ್ತ ಕೂತಿದ್ದರು. ನಾನು ಅವರನ್ನೇ ಕರೆದುಕೊಂಡು ಸ್ಟಾಫ್ ರೂಮಿಗೆ ಹೋದೆ. “ಲಂಡನ್ನಂಗೆ ಚಳಿ ಹ್ಯಾಂಗಿತ್ತ್ ಮಾಸ್ಟ್ರೆ?” ಎಂದು ಯಾರೋ ನಕ್ಕರು. ನಕ್ಕು ಮುಗಿಸಿ, ಮುಂದಿನ ವಾರ ಇನ್ನೊಬ್ಬರ ಹೆಸರಿನ ಇಂಥದೇ ಮೇಲ್ ತೆರೆದರು.

ಇಷ್ಟಾದ ಮೇಲೆ ನಾನು ಈ ವಿದ್ಯೆಯನ್ನು ನಾನೇ ಕಲಿತೆ. ಮೇಲ್‌ನ ತಲೆಯ ಮೇಲೆ ಕಾಣುವ ಹೆಸರು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದಾದ ಹೆಸರು. ಅದರ ಹಿಂದಿರುವ ವಿಳಾಸ ನೋಡಬೇಕು. ನಾವು ಉತ್ತರ ಬರೆದರೆ ಅದು ಯಾವ ವಿಳಾಸಕ್ಕೆ ಹೋಗುತ್ತದೆ ಎಂದು ನೋಡಬೇಕು. ಎರಡೂ ಬೇರೆಯಾದರೆ ಅಲ್ಲೇ ನಿಲ್ಲಬೇಕು. ಮೂರೂ ಊರಿನ ಮೇಲ್ ಕುಂದಾಪುರದ ಒಂದೇ ಪೆಟ್ಟಿಗೆಗೆ ಬರುತ್ತಿದ್ದುದರಿಂದ ಅದಕ್ಕೆ ನಾನೊಂದು ನಿಯಮ ಬರೆದಿಟ್ಟೆ. ಶೆಟ್ರ ಹೆಸರಿದ್ದು ಶೆಟ್ರ ವಿಳಾಸವಿಲ್ಲದ ಮೇಲ್ ಬಂದರೆ ಅದು ಮುಂದೆ ಹೋಗದೆ ‘ತಡೆದದ್ದು’ ಎಂಬ ಬೇರೆ ಕಡೆ ಬೀಳಬೇಕು.

ನಿಯಮ ಚೆನ್ನಾಗಿತ್ತು. ಹಾಳು ಮಾಡಿದವರು ಸ್ವತಃ ಶೆಟ್ರು. ಅವರು ಜನ್ಮದಲ್ಲಿ ಒಂದಕ್ಷರ ಟೈಪ್ ಮಾಡಿದವರಲ್ಲ. ಹೋಟೆಲಿನ ಕೌಂಟರಿನಲ್ಲಿ ಯಾರು ಕೂತಿರುತ್ತಾರೋ ಅವರಿಗೆ ಬಾಯಲ್ಲಿ ಹೇಳುವುದು, ಅವರು ತಮಗೆ ತೋಚಿದ ವಿಳಾಸದಿಂದ ಕಳಿಸುವುದು. ಇವತ್ತು ಮಗನದು, ನಾಳೆ ಟ್ರಾವೆಲ್ಸಿನವನದು. ಹೀಗಾಗಿ ನಿಜವಾದ ಶೆಟ್ರೇ ಸುಳ್ಳು ಶೆಟ್ರ ಹಾಗೆ ವರ್ತಿಸುತ್ತಿದ್ದರು. ಅವರ ಅಸಲಿ ಮೇಲ್‌ಗಳೂ ನನ್ನ ಬಲೆಗೆ ಬಿದ್ದವು. ಮ್ಯಾನೇಜರ್ ಸುಬ್ರಾಯರು ಕೆಂಡವಾದರು.

“ಹ್ವಾಯ್ ವನಜಮ್ಮ, ಶೆಟ್ರ್ ಮೇಲನ್ನ್ ತಡೆಯುಕೆ ನೀವ್ ಯಾರ್? ಅವ್ರ್ ಕಟ್ಟಿಸಿದ್ ಮಾಡಿನ್ ಅಡಿಗ್ ಕೂಕಂಡ್ ಅವ್ರನ್ನೇ ಹೊರಗ್ ನಿಲ್ಸುದಾ?”

“ಅವ್ರನ್ನಲ್ಲ. ಅವ್ರ ಹೆಸರ್ ಹಾಕ್ಕಂಡ್ ಬಪ್ಪವ್ರನ್ನ.”

“ನಂಗ್ ಶೆಟ್ರ್ ಮಾತಿನ್ ಧಾಟಿ ಗೊತ್ತಿಲ್ಲೆಯಾ? ಮೂವತ್ತ್ ವರ್ಷ ಆಯ್ತ್ ಅವ್ರ ಹತ್ರ. ವಾಸ್ನಿಯಂಗೇ ಹೇಳ್ತೆ.”

ಮೂಗಿನಿಂದ ಮೇಲ್ ಗುರುತಿಸುವ ಈ ಮಹಾಶಯರು ಅಂದಿನಿಂದ ದಿನಾ ‘ತಡೆದದ್ದು’ ತೆರೆದು, ಶೆಟ್ರ ಹೆಸರಿನದೆಲ್ಲ ಹೆಕ್ಕಿ ಒಳಗೆ ತಂದು ಉತ್ತರಿಸತೊಡಗಿದರು. ನಾನು ಪ್ರತಿ ಸಲ ಹಿಂದೆ ಬಿದ್ದು ಪರೀಕ್ಷಿಸುತ್ತಿದ್ದೆ. ನಾನಿದ್ದ ದಿನ ನಡೆಯುತ್ತಿತ್ತು.

ಈಗ ಸುಗುಣಳ ವಿಷಯ. ಶಿರೂರಿನ ಕಡೆಯ, ಮೀನುಗಾರರ ಮನೆಯ ಹೆಣ್ಣು. ಮುಂಬಯಿಯಲ್ಲಿ ಶೆಟ್ರ ಹೋಟೆಲಿನ ಕೌಂಟರಿನಲ್ಲಿದ್ದ ಒಬ್ಬನಿಗೆ ಕೊಟ್ಟಿದ್ದರು. ಅವನು ಅವಳನ್ನು ಹೊಡೆದ ಹೊಡೆತ ಎಂಥದೆಂದರೆ ಅವಳ ಎಡಕಿವಿ ಕೇಳಿಸುತ್ತಿರಲಿಲ್ಲ. ಶೆಟ್ರ ಹೆಂಡತಿಯ ಕಣ್ಣಿಗೆ ಅದು ಬಿದ್ದು, ಅವರು ಅವನನ್ನು ಕೆಲಸದಿಂದ ತೆಗೆಸಿ, ಇವಳನ್ನು ಯಾರಿಗೂ ಹೇಳದೆ ನಮ್ಮ ಬೈಂದೂರಿನ ಹಾಸ್ಟೆಲಿಗೆ ಸಹಾಯಕಿಯಾಗಿ ಕಳಿಸಿದ್ದರು. ತವರಿಗೂ ಅವಳು ಎಲ್ಲಿದ್ದಾಳೆ ಎಂದು ತಿಳಿಸಿರಲಿಲ್ಲ. ಅಲ್ಲಿಗೆ ಅವನು ಎರಡು ಸಲ ಕತ್ತಿ ಹಿಡಿದು ಹೋಗಿ ಹುಡುಕಿದ್ದನಂತೆ. ಗೊತ್ತಿದ್ದದ್ದು ಶೆಟ್ರ ಮನೆಯವರಿಗೆ, ಸುಬ್ರಾಯರಿಗೆ, ನನಗೆ. ನನ್ನನ್ನು ಅವಳು ಅಕ್ಕ ಎಂದು ಕರೆಯುತ್ತಿದ್ದಳು. ಕುಂದಾಪುರಕ್ಕೆ ಬಂದಾಗ ನನ್ನ ಪಕ್ಕ ಎಡಗಡೆಗೇ ಕೂರುತ್ತಿದ್ದಳು, ಕೇಳುವ ಕಿವಿ ನನ್ನ ಕಡೆ ಇರಲಿ ಎಂದು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಕೆರಾಡಿಯ ತಂಗಿಯ ಮನೆಯಲ್ಲಿ ಸೀಮಂತವೆಂದು ರಜೆ ಹಾಕಿದ್ದೆ. ಆ ಕಾಡಿನಂಚಿನಲ್ಲಿ ಮೊಬೈಲಿಗೆ ಸಿಗ್ನಲ್ಲಿಲ್ಲ. ತಿರುಗಿ ಬಂದ ದಿನ ಬೆಳಿಗ್ಗೆ ಅಭ್ಯಾಸದಂತೆ ಮೊದಲು ‘ತಡೆದದ್ದು’ ತೆರೆದೆ. ಖಾಲಿ. ಹೊರಗೆ ಹೋದ ಮೇಲ್‌ಗಳನ್ನು ನೋಡಿದೆ. ಸುಬ್ರಾಯರು ಶೆಟ್ರಿಗೆ ಬರೆದ ಉತ್ತರಗಳು ಎರಡು. ಮೊದಲನೆಯದರಲ್ಲಿ: ‘ತಾವು ಕೇಳಿದಂತೆ, ಸುಗುಣ ಬೈಂದೂರಿನ ಹಾಸ್ಟೆಲಿನಲ್ಲಿ ಇರುತ್ತಾಳೆ.’ ಅಲ್ಲಿಟ್ಟವರೇ ಅವಳೆಲ್ಲಿ ಎಂದು ಕೇಳುವುದರ ವಾಸನೆ ಆ ಮೂಗಿಗೆ ಹತ್ತಿರಲಿಲ್ಲ. ಎರಡನೆಯದರಲ್ಲಿ: ‘ಅಪ್ಪಣೆಯಂತೆ ಅವಳನ್ನು ಬೆಳಗಿನ ರೈಲಿಗೆ ಕಳಿಸಲಾಗುವುದು. ತಮ್ಮ ಜನ ಸ್ಟೇಷನ್ನಿಗೆ ಬರಲಿ.’

ಅವರಿಗೆ ಬಂದಿದ್ದ ಮೇಲ್ ತೆರೆದೆ. ಮುಂಬಯಿಯಲ್ಲಿ ಹೆಂಗಸರ ವಸತಿಗೃಹ ನೋಡಿಕೊಳ್ಳಲು ಸುಗುಣ ಬೇಕಾಗಿದ್ದಾಳೆ, ಗದ್ದಲ ಮಾಡದೆ ಕಳಿಸಿ ಎಂದು ಬರೆದಿತ್ತು. ಕೊನೆಯಲ್ಲಿ ಶೆಟ್ರು ಯಾವತ್ತೂ ಬರೆಸುವಂತೆ, ‘ನಿಮ್ಮ ತಾಯಿಯವರಿಗೆ ನಮಸ್ಕಾರ.’ ಧಾಟಿಯಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹೆಸರಿನ ಹಿಂದಿನ ವಿಳಾಸ ನಾನು ಎಂದೂ ಕಂಡದ್ದಲ್ಲ. ಉತ್ತರ ಹೋಗುವ ವಿಳಾಸ ಇನ್ನೊಂದೇ. ಶೆಟ್ರು ಬಾಯಲ್ಲಿ ಹೇಳುವ ಮೇಲ್‌ಗಳನ್ನು ವರ್ಷಗಟ್ಟಲೆ ಟೈಪ್ ಮಾಡಿದ ಕೌಂಟರಿನವನು ಯಾರು ಎಂದು ಆಗ ಹೊಳೆಯಿತು. ಸುಬ್ರಾಯರ ಕೋಣೆಗೆ ಓಡಿದೆ.

ಸುಬ್ರಾಯರು ಆಗಷ್ಟೇ ಬಂದು, ಮೊಬೈಲನ್ನು ಮೇಜಿನ ಮೇಲಿಟ್ಟು, ಊದುಬತ್ತಿ ಹಚ್ಚುತ್ತಿದ್ದರು.

“ಸುಗುಣನ್ನ ಕಳ್ಸ್ರ್ಯಾ?”

“ಹೌದ್ ಮಾರಾಯ್ತಿ, ಹೆಣ್ಣಿನ್ ಅದೃಷ್ಟ! ಶೆಟ್ರೇ ಕರ್ದ್ರ್.”

“ಅದ್ ಶೆಟ್ರಲ್ಲ. ಸುಗುಣನ್ ಗಂಡ. ಈಗ್ಲೇ ಶೆಟ್ರಿಗ್ ಫೋನ್ ಮಾಡಿ ಕೇಣಿ.”

ಅವರು ನನ್ನನ್ನು ಮೈಲಿಗೆಯ ಮಾತಾಡಿದವಳಂತೆ ನೋಡಿದರು. “ಶೆಟ್ರಿಗ್ ಫೋನ್ ಮಾಡಿ, ಇದ್ ನೀವೇ ಬರ್ದದ್ದಾ ಅಂದ್ ಕೇಂಬುದಾ? ಅವ್ರ್ ಈಗ ಪೂಜಿಗ್ ಕೂಕಂಬ ಹೊತ್ತ್. ನನ್ನ್ ತಾಯಿಗ್ ನಮಸ್ಕಾರ ಹೇಳಿದ್ರ್ ಕಾಣಿ! ಬೇರೆಯವ್ರ್ ಹೇಳ್ತ್ರಾ?”

ನಾನು ಬೈಂದೂರಿಗೆ ಫೋನ್ ಮಾಡಿದೆ. ಸುಗುಣ ಸ್ಟೇಷನ್ನಿಗೆ ಹೊರಡಲು ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಳೆ ಎಂದರು ವಾರ್ಡನ್ನಮ್ಮ. ತಡೆಯಿರಿ ಎಂದೆ. “ಮ್ಯಾನೇಜರ್ರ್ ಹೇಳ್ಲಿ, ನಿಲ್ಸ್ತೆ,” ಎಂದರು. ಸುಬ್ರಾಯರ ಕೈಗೆ ರಿಸೀವರ್ ಕೊಟ್ಟೆ. ಅವರು ಅದನ್ನು ಮೆಲ್ಲಗೆ ಫೋನಿನ ಮೇಲಿಟ್ಟರು. ಅಲ್ಲಿಂದಾಚೆ ನನ್ನಲ್ಲಿ ಮರ್ಯಾದೆ ಎಂಬುದು ಉಳಿಯಲಿಲ್ಲ. ಶೆಟ್ರ ನಂಬರು ಇದ್ದದ್ದು ಅವರ ಮೊಬೈಲಿನಲ್ಲಿ ಮಾತ್ರ. ಮೇಜಿನ ಮೇಲಿದ್ದ ಆ ಮೊಬೈಲನ್ನೇ ಎತ್ತಿಕೊಂಡು ಮೆಟ್ಟಿಲಿಳಿದೆ. “ಹ್ವಾಯ್! ಹ್ವಾಯ್! ಕಳ್ಳಿ!” ಎಂದು ಅವರು ಊದುಬತ್ತಿ ಹಿಡಿದೇ ಹಿಂದೆ ಓಡಿ ಬಂದರು. ಎದುರಿಗಿದ್ದ ಬಾಡಿಗೆ ಕಾರಿಗೆ ಹತ್ತಿ ಬೈಂದೂರು ಎಂದೆ.

ದಾರಿಯುದ್ದಕ್ಕೂ ಶೆಟ್ರಿಗೆ ಫೋನು ಒತ್ತಿದೆ. ರಿಂಗಾಗುತ್ತದೆ, ಎತ್ತುವವರಿಲ್ಲ. ಮರವಂತೆಯಲ್ಲಿ ಒಂದು ಲಾರಿ ಕೆಟ್ಟು ಅಡ್ಡ ನಿಂತಿತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ; ಪಕ್ಕಕ್ಕೆ ತಿರುಗಲು ದಾರಿಯಿಲ್ಲ. ಆ ಹೊತ್ತಿನಲ್ಲಿ ನಾನು ಏನೇನು ಯೋಚಿಸಿದೆ ಎಂದು ಬರೆಯಲಾರೆ. ಪೊಲೀಸರಿಗೂ ಫೋನ್ ಮಾಡಿದೆ. “ಗಂಡ ಹೆಂಡ್ತಿ ರೈಲಿಗ್ ಹೋಪುದ್ ಅಪರಾಧ ಅಲ್ಲಲೆ,” ಎಂದಿತು ಅತ್ತಲಿನ ದನಿ.

ಬೈಂದೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ನಾನು ಕಾಲಿಡುವಾಗ ರೈಲು ಬಂದು ನಿಂತಿತ್ತು. ಒಂದು ಡಬ್ಬಿಯ ಬಾಗಿಲಲ್ಲಿ ಸುಗುಣ. ಬಿಳಿ ಅಂಗಿಯವನು ಒಳಗಿನಿಂದ ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದಿದ್ದ. ಅವಳು ಇನ್ನೊಂದು ಕೈಯಿಂದ ಬಾಗಿಲಿನ ಸರಳು ಹಿಡಿದು ಜೋತುಬಿದ್ದಿದ್ದಳು. ಅವನ ಬಲಗೈ ಅಂಗಿಯ ಒಳಗೆ, ಹೊಟ್ಟೆಯ ಹತ್ತಿರ ಇತ್ತು. ಜನ ಗುಂಪುಗೂಡಿದ್ದರು. ಮೀನಿನ ಬುಟ್ಟಿಯ ಹೆಂಗಸರಿದ್ದರು, ಕಾಲೇಜಿಗೆ ಹೋಗುವವರಿದ್ದರು, ರೈಲ್ವೆಯವನೊಬ್ಬ ಬಾವುಟ ಹಿಡಿದು ನಿಂತಿದ್ದ. ಬಿಳಿ ಅಂಗಿಯವನು ಅವರಿಗೆಲ್ಲ ಶಾಂತವಾಗಿ ಹೇಳುತ್ತಿದ್ದ: “ನನ್ನ ಹೆಂಡ್ತಿ ಮಾರಾಯ್ರೆ. ಸ್ವಲ್ಪ ತಲಿ ಸಮ ಇಲ್ಲೆ. ಊರಿಗ್ ಕರ್ಕ ಹೋತೆ.” ಹೆಂಡ್ತಿ ಎಂಬ ಮಾತು ಕೇಳಿದ್ದೇ ತಡ, ಜನ ಒಂದು ಹೆಜ್ಜೆ ಹಿಂದೆ ಸರಿದರು. ಯಾರೊಬ್ಬರೂ ಅವಳನ್ನು ಕೇಳಲಿಲ್ಲ. ಹೇಳಿದವನ ಹೆಸರು ನೋಡಿ ಹಿಂದೆ ಸರಿಯುವುದರಲ್ಲಿ ನಮ್ಮ ಕಚೇರಿಗೂ ಆ ಪ್ಲಾಟ್‌ಫಾರ್ಮಿಗೂ ಏನು ವ್ಯತ್ಯಾಸ?

“ಅಕ್ಕಾ, ಶೆಟ್ರ್ ಹೇಳ್ರ್ ಅಂದ್ರ್! ಕೇಂಬುದ್ ಹ್ಯಾಂಗೆ ಅಂದ್ ಬಂದೆ!” ಎಂದು ಅವಳು ಕೂಗಿದಳು.

ಅಷ್ಟರಲ್ಲಿ ನನ್ನ ಕೈಯ ಮೊಬೈಲಿನಲ್ಲಿ ಒಂದು ದನಿ ಕೇಳಿಸಿತು. ನಾನು ಬರುಬರುತ್ತ ಮತ್ತೆ ಒತ್ತಿದ್ದು ಹತ್ತಿತ್ತು. “ಎಂತ ಸುಬ್ರಾಯ್ರೆ, ಪೂಜಿ ಹೊತ್ತಂಗೆ?”

“ಶೆಟ್ರೆ, ನಾ ವನಜ. ಸುಗುಣನ್ನ ಬೊಂಬಾಯಿಗ್ ಕಳ್ಸುಕ್ ನೀವ್ ಹೇಳಿದ್ರ್ಯಾ?”

“ನಾನಾ? ಹುಚ್ಚಾ ನಿಮ್ಗೆ! ಆ ಬೇವರ್ಸಿ ಕಣ್ಣಿಗ್ ಬೀಳುಕಾಗ ಅಂದೇ ಅಲ್ದಾ ಆ ಹೆಣ್ಣನ್ನ ಅಲ್ಲಿಟ್ಟದ್!”

ಮೊಬೈಲನ್ನು ನಾನು ಅವನ ಮುಖಕ್ಕೆ ಹಿಡಿದೆ. “ತಕೊ. ನಿನ್ನ್ ಶೆಟ್ರ್. ಮಾತಾಡ್.”

ಆಮೇಲೆ ನಡೆದದ್ದನ್ನು ನಾನು ಸಾವಿರ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಆ ಪುಟ್ಟ ಯಂತ್ರದಿಂದ ಶೆಟ್ರ ದನಿ ಗದರಿತು: “ಯಾರಾ ಅಲ್ಲಿ?” ಅವನ ಬೆನ್ನು ತನ್ನಿಂದ ತಾನೇ ನೆಟ್ಟಗಾಯಿತು. ಕೌಂಟರಿನ ಹಿಂದೆ ನಿಂತವನ ಹಾಗೆ ತಲೆ ಬಗ್ಗಿತು. ಹೆಂಡತಿಯ ಮಣಿಕಟ್ಟು ಬಿಟ್ಟು ಎಡಗೈಯನ್ನು ಎದೆಗೊತ್ತಿಕೊಂಡು, “ಧಣಿ...” ಎಂದ. ಶೆಟ್ರ ಹೆಸರನ್ನು ನಾಚಿಕೆಯಿಲ್ಲದೆ ಬಳಸಿದವನಿಗೆ ಶೆಟ್ರ ದನಿಯ ಎದುರು ಉಸಿರೆತ್ತಲಾಗಲಿಲ್ಲ.

ಸುಗುಣ ಹಾರಿ ನನ್ನ ಮೇಲೆ ಬಿದ್ದಳು. ಮುದುಕಿ ಮೀನುಗಾರ್ತಿಯೊಬ್ಬಳಿಗೆ ಆಗಷ್ಟೇ ಬಾಯಿ ಬಂತು. “ಏ ಗಂಡೇ, ಅಂಗಿ ಒಳಗಿಂದ್ ಕೈ ತೆಗಿ ಕಾಂಬ! ಎಂತ ಇತ್ತ್ ಅಲ್ಲಿ?” ಎಂದು ಬುಟ್ಟಿ ಅಡ್ಡ ಹಿಡಿದು ನಿಂತಳು. ಅವಳ ಹಿಂದೆ ಉಳಿದ ಹೆಂಗಸರೂ ನಿಂತರು. ರೈಲು ಅಲುಗಿತು. ಅವನು ಬಾಗಿಲಲ್ಲೇ ಉಳಿದ. ಆ ಕೈಯನ್ನು ಅವನು ಕೊನೆಯವರೆಗೂ ಹೊರಗೆ ತೆಗೆಯಲಿಲ್ಲ. ಅದರಲ್ಲಿ ಏನಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಏನೂ ಇಲ್ಲದಿದ್ದಿರಬಹುದು. ಹಾಗೆಂದುಕೊಂಡು ಮಲಗುತ್ತೇನೆ, ಆ ಕೈ ಹೊರಗೆ ಬರುತ್ತಿದ್ದಂತೆ ಎಚ್ಚರವಾಗುತ್ತದೆ.

ಕಚೇರಿ ನನ್ನನ್ನು ಹೇಗೆ ಗೌರವಿಸಿತು ಎಂದು ಕೇಳುತ್ತೀರಾದರೆ, ಒಂದು ಮೆಮೊ ಕೊಟ್ಟಿತು. ಅನುಮತಿಯಿಲ್ಲದೆ ಮ್ಯಾನೇಜರರ ಮೊಬೈಲು ಒಯ್ದದ್ದು, ಪೂಜೆಯ ವೇಳೆಯಲ್ಲಿ ಅಧ್ಯಕ್ಷರಿಗೆ ನೇರವಾಗಿ ಫೋನ್ ಮಾಡಿದ್ದು. ಶೆಟ್ರೇ ಅದನ್ನು ಹರಿದು ಹಾಕಿಸಿದರು, ಅದು ಬೇರೆ ಮಾತು. ಸುಬ್ರಾಯರು ತಿಂಗಳುಗಟ್ಟಲೆ “ಧಾಟಿ ಮಾತ್ರ ಶೆಟ್ರದ್ದೇ ಇದ್ದಿತ್ ಮಾರಾಯ್ತಿ,” ಎನ್ನುತ್ತಿದ್ದರು, ಧಾಟಿಯೇ ತಪ್ಪು ಮಾಡಿದ ಹಾಗೆ. ಶೆಟ್ರಾದರೂ ಬುದ್ಧಿ ಕಲಿತರೇ? ಕೆಲವು ವಾರ ಒಂದೇ ವಿಳಾಸದಿಂದ ಬರೆಸಿದರು. ಆಮೇಲೆ ಮತ್ತೆ ಟ್ರಾವೆಲ್ಸಿನವನ ವಿಳಾಸ.

ಈಚಿನ ವರ್ಷಗಳಲ್ಲಿ ಇದನ್ನೆಲ್ಲ ಗುರುತಿಸುವ ಯಂತ್ರಗಳೇ ಬಂದಿವೆ. ಒಳ್ಳೆಯದು, ಇಟ್ಟುಕೊಳ್ಳಿ. ಆದರೆ ನೀವು ತಡೆದದ್ದನ್ನು ಪ್ರೀತಿಯಿಂದ ಹೆಕ್ಕಿ ಒಳಗೆ ತರುವ ಒಬ್ಬ ಸುಬ್ರಾಯರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಅವರಿಗೆ ಯಂತ್ರ ಮದ್ದಲ್ಲ. ಮೇಲ್ ಬಂದರೆ ಮೇಲ್‌ನಲ್ಲೇ ಕೇಳಬೇಡಿ. ಉತ್ತರ ಕೊಡುವವನು ಅದೇ ಕಳ್ಳ. ಫೋನ್ ಮಾಡಿ, ಇಲ್ಲವೇ ನಡೆದು ಹೋಗಿ. ಪೂಜೆಯಿರಲಿ, ಊಟವಿರಲಿ, ಎಬ್ಬಿಸಿ ಕೇಳಿ. ದೊಡ್ಡವರಿಗೆ ಸಿಟ್ಟು ಬಂದರೆ ಬರಲಿ.

ಸುಗುಣ ಆ ವಾರವೇ ಬೈಂದೂರು ಬಿಟ್ಟಳು. ಶೆಟ್ರ ಹೆಂಡತಿ ಅವಳನ್ನು ಇನ್ನೆಲ್ಲಿಗೋ ಕಳಿಸಿದರು. ಎಲ್ಲಿಗೆಂದು ನನಗೂ ಹೇಳಬಾರದೆಂದು ನಾನೇ ಕೇಳಿಕೊಂಡೆ. ಹೊರಡುವಾಗ ಅವಳು ಏನೋ ಹೇಳಲು ಬಾಯಿ ತೆರೆದಳು, ಊರಿನ ಹೆಸರಿರಬೇಕು. ನಾನು ಅವಳ ಬಾಯಿ ಮುಚ್ಚಿದೆ.

ನಿವೃತ್ತಿಯ ಹಿಂದಿನ ವರ್ಷ ಒಂದು ಮೇಲ್ ಬಂತು. ‘ಅಕ್ಕ, ನಾನು ಸುಗುಣ. ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿ ಇಟ್ಟಿದ್ದೇನೆ. ನಿಮ್ಮ ನೆನಪಾಗುತ್ತದೆ. ಒಂದು ಸಾಲು ಬರೆಯಿರಿ.’ ವಿಳಾಸ ಹೊಸದು. ಫೋನ್ ಮಾಡಿ ಕೇಳಲು ನನ್ನಲ್ಲಿ ಅವಳ ನಂಬರಿಲ್ಲ. ಯಾರಿಂದಲಾದರೂ ಅದನ್ನು ಪಡೆಯೋಣವೆಂದರೆ, ಅವಳನ್ನು ಹುಡುಕುವ ಒಂದು ದಾರಿಯನ್ನು ನಾನೇ ತೆರೆದಂತೆ. ಆ ಕೆಲವು ಸಾಲುಗಳನ್ನು ನಾನು ಎಷ್ಟು ಸಲ ಓದಿದೆನೋ. ಉತ್ತರ ಬರೆಯುವ ಜಾಗದಲ್ಲಿ ‘ಸುಗುಣ’ ಎಂದು ಟೈಪ್ ಮಾಡಿ ಅಳಿಸಿದೆ. ಆಮೇಲೆ ಆ ವಿಳಾಸವನ್ನು ಬ್ಲಾಕ್ ಮಾಡಿದೆ.

ಬರೆದದ್ದು ಅವನಾಗಿದ್ದರೆ ಅವನಿಗೆ ಏನೂ ಸಿಕ್ಕಲಿಲ್ಲ. ಅವಳೇ ಆಗಿದ್ದರೆ, ಉತ್ತರ ಬಾರದ್ದು ಕಂಡು, ಅಕ್ಕ ಇನ್ನೂ ಬಾಗಿಲು ಕಾಯುತ್ತಿದ್ದಾಳೆಂದು ತಿಳಿದು, ಅವಳು ಆ ದಿನ ನೆಮ್ಮದಿಯಾಗಿ ಅಂಗಡಿಯ ಬಾಗಿಲು ತೆರೆದಿರುತ್ತಾಳೆ.